ಎಡಗೈ ಹೆಬ್ಬೆರಳು

ಅಜ್ಜಿ ನನ್ನ ಎಡಗೈಯನ್ನು ಕಂಕುಳಲ್ಲಿ ಇರುಕಿಕೊಂಡು ಹೆಬ್ಬೆರಳಿಗೆ ಲೋಳೆಸರ ಬಳಿಯುತ್ತಿದ್ದಳು. ನಾನು ಅವಳ ಬೆನ್ನಿಗೆ ಗುದ್ದುತ್ತಿದ್ದೆ. ಅವಳಿಗೆ ಅದು ತಾಕುತ್ತಲೇ ಇರಲಿಲ್ಲ. ಹಿತ್ತಿಲ ಬೇಲಿಯಿಂದ ಮುರಿದು ತಂದ ಲೋಳೆಸರದ ಪಟ್ಟೆಯನ್ನು ಸೀಳಿ, ಒಳಗಿನ ಲೋಳೆಯನ್ನು ಉಗುರಿನ ಸಂದಿಯನ್ನೂ ಬಿಡದೆ ಹಚ್ಚಿ, ಆರಲಿ ಎಂದು ಉಫ್ ಎಂದು ಊದಿದಳು. ಆಮೇಲೆ ನನ್ನ ಕೈ ಬಿಟ್ಟು, ಈಗ ಇಡು ನೋಡೋಣ ಎನ್ನುವ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಇಸ ಕಣ್ಲಾ ಮಲ್ಲ ಇದು. ನಾಲಗೆ ಮ್ಯಾಲೆ ಇಟ್ಟೋ, ಒಟ್ಟೇಲಿರೋದೆಲ್ಲ ಆಚಿಗೆ ಬತ್ತದೆ."

"ನಂಗೊತ್ತು. ನಿನ್ನೆನೂ ಬಳ್ದಿದ್ಯಲ್ಲ."

"ಬಳ್ದಿದ್ದೆ. ಅದ್ನೂ ಚೀಪುದ್ಯಾ?"

"ಮೊದ್ಲು ಕಹಿ ಇರ್ತದೆ ಕಣಜ್ಜಿ. ಆಮೇಲೆ ಬೆಳ್ಳು ಸಿಕ್ತದೆ."

ಅಜ್ಜಿ ಲೋಳೆಸರದ ಪಟ್ಟೆಯನ್ನು ಹಿತ್ತಿಲಿಗೆ ಎಸೆದು ಕೈ ತೊಳೆಯಲು ಹೋದಳು. ನಾನು ಹೊಸ್ತಿಲ ಮೇಲೆ ಕೂತು, ಕಹಿಯನ್ನು ಉಗಿದು, ಬೆರಳು ಸಿಗುವವರೆಗೂ ಚೀಪಿದೆ.

ನನಗೆ ಆಗ ಏಳು ತುಂಬಿತ್ತು. ಶಾಲೆಗೆ ಹೋಗುತ್ತಿದ್ದೆ. ನನ್ನ ಓರಗೆಯವರು ಹೊಳೆಯಲ್ಲಿ ಈಜುತ್ತಿದ್ದರು, ಗಾಡಿ ಹೊಡೆಯುತ್ತಿದ್ದರು. ನಾನು ಬೆರಳು ಚೀಪುತ್ತಿದ್ದೆ. ಹೊಳೆನರಸೀಪುರದಲ್ಲಿ ನಮ್ಮದು ಮೆಣಸಿನಕಾಯಿ ಮನೆ. ಅಪ್ಪ ಹಳೇಕೋಟೆ, ಹಳ್ಳಿಮೈಸೂರು ಕಡೆಯ ರೈತರಿಂದ ಒಣಮೆಣಸಿನಕಾಯಿ ಕೊಂಡು ತಂದು ಚೀಲ ಕಟ್ಟಿ ಹಾಸನಕ್ಕೆ ಕಳಿಸುತ್ತಿದ್ದ. ಪಡಸಾಲೆಯಲ್ಲಿ ಚೀಲ, ಅಟ್ಟದ ಮೇಲೆ ಚೀಲ, ಅಂಗಳದಲ್ಲಿ ಈಚಲು ಚಾಪೆಯ ಮೇಲೆ ಹರಡಿದ ಕಾಯಿ. ಹೊಸಬರು ಬಂದರೆ ಬಾಗಿಲಲ್ಲೇ ಸೀನುತ್ತಿದ್ದರು, ನಮಗೆ ಏನೂ ಅನ್ನಿಸುತ್ತಿರಲಿಲ್ಲ. ಈ ಮನೆಯಲ್ಲಿ ಬೆರಳು ಬಿಡಿಸಲು ಮೆಣಸಿನಪುಡಿ ಹಚ್ಚಿದರೆ ಏನು ಉಪಯೋಗ. ಅಜ್ಜಿ ಅದನ್ನೂ ಹಚ್ಚಿದ್ದಳು. ನನ್ನ ಬೆರಳಿಗೆ ಸ್ವಲ್ಪ ರುಚಿ ಬಂತು, ಅಷ್ಟೆ. ಬೇವಿನ ಸೊಪ್ಪು ಅರೆದು ಮೆತ್ತಿದಳು. ಸಗಣಿ ಹಚ್ಚಿದಳು. ಹಳೇ ಸೀರೆಯ ಚೂರಿನಲ್ಲಿ ಬೊಂಬೆಗೆ ಕಟ್ಟಿದ ಹಾಗೆ ಸುತ್ತಿ ಕಟ್ಟಿದಳು, ನಾನು ಬಟ್ಟೆಯ ಸಮೇತ ಚೀಪಿದೆ. ಪಕ್ಕದ ಮನೆಯ ಸಿದ್ದಮ್ಮ ಗೋಡೆಯ ಆಚೆಯಿಂದಲೇ ಉಪಾಯ ಹೇಳುತ್ತಿದ್ದಳು.

"ನಂಜಮ್ಮ, ಒಂದು ಅರಿಸಿನದ ಕೊಂಬು ಕಾಯ್ಸಿ ಬರೆ ಇಕ್ಕು. ನಮ್ ಕೆಂಚಂಗೆ ಇಕ್ಕಿದ್ದೆ, ಆವತ್ತಿಂದ ಬೆಳ್ಳ ಕಂಡ್ರೆ ಓಡ್ತಾನೆ."

"ನಿಮ್ ಕೆಂಚ ಈಗ್ಲೂ ಆಸ್ಗೇಲಿ ಉಚ್ಚೆ ಉಯ್ಕತಾನಲ್ಲ ಸಿದ್ದಮ್ಮ, ಅದುಕ್ಕೆ ಯಾವ್ ಕೊಂಬು ಕಾಯ್ಸುದ್ದೆ?"

ಹಾಗೆ ಅಂದವಳು ಒಂದು ದಿನ ಕೊಂಬನ್ನು ಒಲೆಯಲ್ಲಿ ಇಟ್ಟಳು. ನಾನು ಒಲೆಯ ಪಕ್ಕ ನಿಂತಿದ್ದೆ. ಕೊಂಬಿನ ತುದಿ ಕೆಂಪಗಾಯಿತು. ಇಕ್ಕಳದಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಹೆಬ್ಬೆರಳನ್ನು ಹಿಡಿದು ನೋಡಿದಳು. ಚೀಪಿ ಚೀಪಿ ಆ ಬೆರಳು ಉಳಿದವುಗಳಿಗಿಂತ ತೆಳ್ಳಗೆ, ಬೆಳ್ಳಗೆ ಇತ್ತು, ನೆನೆಸಿ ಸಿಪ್ಪೆ ಹಿಚುಕಿದ ಅವರೆಕಾಳಿನ ಹಾಗೆ. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಕೊಂಬನ್ನು ನೀರಿನ ಚೊಂಬಿಗೆ ಹಾಕಿದಳು. ಅದು ಚುಂಯ್ ಎಂದಿತು. ಸಿದ್ದಮ್ಮ ಗೋಡೆಯ ಆಚೆಯಿಂದ ಆಯಿತೇ ಎಂದು ಕೇಳಿದಾಗ ಆಯಿತು ಎಂದಳು.

ಅಜ್ಜಿ ಯಾಕೆ ಇಷ್ಟೊಂದು ಹಠ ಹಿಡಿದಿದ್ದಳು ಎಂದರೆ, ಬೆರಳು ಎಡಗೈಯದು. ನಮ್ಮ ಮನೆಯವರು ಲಿಂಗ ಕಟ್ಟಿದವರು. ಕೊರಳಲ್ಲಿರುವ ಲಿಂಗವನ್ನು ಬೆಳಿಗ್ಗೆ ಸ್ನಾನವಾದ ಮೇಲೆ ಬಿಚ್ಚಿ, ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡಬೇಕು. ಎಡ ಅಂಗೈಯೇ ನಮಗೆ ಗುಡಿ ಇದ್ದ ಹಾಗೆ. ಹುಟ್ಟಿದಾಗಲೇ ಮಗುವಿಗೆ ಲಿಂಗ ಕಟ್ಟುತ್ತಾರೆ, ನನಗೂ ಕಟ್ಟಿದ್ದರು. ಆದರೆ ಗುರುಗಳಾದ ಅಯ್ಯನೋರು ಬಂದು ಪೂಜೆಯ ಕ್ರಮ ಹೇಳಿಕೊಟ್ಟು ದೀಕ್ಷೆ ಕೊಡುವುದು ಏಳೆಂಟು ವರ್ಷವಾದ ಮೇಲೆ. ನನಗೆ ಆ ವಯಸ್ಸು ಬಂದಿತ್ತು, ಬೆರಳು ಮಾತ್ರ ಬಾಯಲ್ಲೇ ಇತ್ತು. ಅಜ್ಜಿಗೆ ಎಂಜಲು ಎಂದರೆ ಆಗದು. ಉಂಡ ಕೈ ನೀರಿನ ಹಂಡೆಗೆ ತಗುಲಿದರೆ ಹಂಡೆಯ ನೀರನ್ನೆಲ್ಲ ಚೆಲ್ಲಿಸುತ್ತಿದ್ದಳು. ಇಂಥವಳ ಮೊಮ್ಮಗ ಲಿಂಗ ಕೂರುವ ಕೈಯನ್ನೇ ದಿನವಿಡೀ ಬಾಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ.

ಇದಕ್ಕೆ ಇನ್ನೊಂದು ಕಥೆ ಇದೆ. ಅದನ್ನು ನಾನು ಅಜ್ಜಿ ಮತ್ತು ಅವ್ವ ಜಗಳವಾಡುವಾಗ ಕೇಳಿದ್ದು. ಬಾಯಿಗೆ ಬೆರಳು ತುಂಬಿಕೊಂಡವನು ಮಾತಾಡುವುದಿಲ್ಲ, ಕೇಳುತ್ತಾನೆ. ನಾನು ಮೂಲೆಯಲ್ಲಿ ಇದ್ದೇನೆ ಎಂಬುದನ್ನೇ ಮರೆತು ಅವರು ಮಾತಾಡುತ್ತಿದ್ದರು. ನಾನು ಹುಟ್ಟಿದಾಗ ಲಿಂಗವನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿದ್ದರಂತೆ. ನಾನು ಆ ಗಂಟನ್ನು ಹುಡುಕಿಕೊಂಡು ಬಾಯಿಗೆ ಇಟ್ಟುಕೊಂಡು ಚೀಪುತ್ತಿದ್ದೆನಂತೆ. ಚೀಪುತ್ತಾ ಅಳದೆ ಮಲಗುತ್ತಿದ್ದೆನಂತೆ. ಅಜ್ಜಿ ಅದನ್ನು ನೋಡಿ ಕಂಗಾಲಾಗಿ, ಗಂಟನ್ನು ಬಿಚ್ಚಿ ನನಗೆ ಎಟುಕದ ಹಾಗೆ ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದಳಂತೆ. ಅವತ್ತು ಸಂಜೆಯವರೆಗೂ ಅತ್ತು, ಆಮೇಲೆ ನಾನು ಬೆರಳು ಕಂಡುಕೊಂಡೆ. ಅವ್ವ ಹೇಳುತ್ತಿದ್ದುದು ಇದು. ಅಜ್ಜಿ ಹೇಳುತ್ತಿದ್ದುದೇ ಬೇರೆ.

ಆ ಕೊನೆಯ ಜಗಳ ನನಗೆ ಚೆನ್ನಾಗಿ ನೆನಪಿದೆ. ಅವ್ವ ಬಸುರಿ. ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಬೆವರು ಇಳಿಯುತ್ತಿತ್ತು. ಅಜ್ಜಿ ಕಡೆಗೋಲು ಹಿಡಿದು ಮಜ್ಜಿಗೆ ಕಡೆಯುತ್ತಿದ್ದಳು. ನಾನು ಕಂಬಕ್ಕೆ ಒರಗಿ ಬೆರಳು ಚೀಪುತ್ತಿದ್ದೆ.

"ನೋಡು, ಕತ್ತೆಗಾದಂಗಾಗದೆ ವಯಸ್ಸು. ಇನ್ನೂ ಚೀಪ್ತಾನೆ."

"ಬುಟ್ಬುಡಿ ಅತ್ತೆ. ಅವ್ನೇ ಬುಡ್ತಾನೆ."

"ಅವ್ನು ಬುಡೋಗಂಟ ಅಯ್ನೋರು ಕಾಯ್ತಾರಾ? ನಿನ್ ಎದೇಲಿ ಒಸಿ ಆಲಿದ್ದಿದ್ರೆ ನನ್ ಮೊಮ್ಮಗ ಯಾಕೆ ಬೆಳ್ಳು ಚೀಪ್ತಿದ್ದ?"

ಅವ್ವ ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟಳು.

"ನನ್ನ ಆಲಿನ ಮಾತೆತ್ತಬ್ಯಾಡಿ. ಕೂಸಿನ ಬಾಯಿಂದ ಲಿಂಗದ ಗಂಟ ಕಿತ್ಕಂಡೋರು ಯಾರು? ಸಿವ ಅವ್ನಿಗೆ ಕೊಟ್ಟಿದ್ದ ನೀವು ಕಿತ್ಕಂಡ್ರಿ."

"ಎಂಜ್ಲು ಮಾಡ್ಲಿ ಅಂತ ಬುಡ್ಬೇಕಿತ್ತಾ?"

"ಕೂಸಿನ ಬಾಯಿ ಎಂಜ್ಲಾ?"

ಆ ಮುದ್ದೆ ಅವತ್ತು ಸೀದು ಹೋಯಿತು. ಅಪ್ಪ ಬಂದು ಸೀದ ಮುದ್ದೆಯನ್ನೇ ಉಂಡು, ಯಾಕೆ ಎಂದು ಕೇಳದೆ ಎದ್ದು ಹೋದ. ಆಮೇಲೆ ಅವರಿಬ್ಬರೂ ಮಾತು ಬಿಟ್ಟರು. ಅವ್ವನಿಗೆ ಏನಾದರೂ ಹೇಳಬೇಕಾದರೆ ಅಜ್ಜಿ ನನಗೆ ಹೇಳುತ್ತಿದ್ದಳು. ಮಲ್ಲ, ಉಪ್ಪು ಜಾಸ್ತಿ ಆಗದೆ ಅಂತ ಯೋಳು. ಅವ್ವ ಪಕ್ಕದಲ್ಲೇ ಇರುತ್ತಿದ್ದಳು. ನಾನು ಬೆರಳು ತೆಗೆದು ಹೇಳಿ ಮತ್ತೆ ಇಟ್ಟುಕೊಳ್ಳುತ್ತಿದ್ದೆ.

ಬಾಣಂತನಕ್ಕೆ ಕರೆದುಕೊಂಡು ಹೋಗಲು ಅರಕಲಗೂಡಿನಿಂದ ಅವ್ವನ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಹೊರಡುವಾಗ ಅತ್ತೆಯ ಕಾಲಿಗೆ ಬೀಳಬೇಕು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವ್ವ ಆ ಕಾಲುಗಳನ್ನು ದಾಟಿ ಗಾಡಿ ಹತ್ತಿದಳು. ನನ್ನನ್ನೂ ಕರೆದುಕೊಂಡು ಹೋಗಲು ಕೈ ಚಾಚಿದಳು. ಅಜ್ಜಿ ನನ್ನ ಅಂಗಿ ಹಿಡಿದುಕೊಂಡು, ಇಸ್ಕೂಲಿಗೆ ಓಗೋ ಹೈದ ಅವ್ನು ಎಂದಳು. ಗಾಡಿ ಹೊಳೆಯ ಕಡೆಗೆ ಇಳಿದು ಹೋಯಿತು. ನಾನು ಅಳಲಿಲ್ಲ. ಬಾಯಲ್ಲಿ ಬೆರಳಿತ್ತು.

ಅವ್ವನಿಗೆ ಹೆಣ್ಣು ಮಗು ಹುಟ್ಟಿತು ಎಂದು ಸುದ್ದಿ ಬಂತು. ಮೂರು ತಿಂಗಳಾಯಿತು, ಐದಾಯಿತು. ಬಾಣಂತಿ ತಾನಾಗಿ ಗಂಡನ ಮನೆಗೆ ಬರುವ ಹಾಗಿಲ್ಲ. ಗಂಡನ ಮನೆಯ ಹಿರಿಯ ಹೆಂಗಸು ಸೀರೆ, ಬಳೆ, ಅಕ್ಕಿ, ಕೊಬ್ಬರಿ ಎಲ್ಲ ತೆಗೆದುಕೊಂಡು ಹೋಗಿ ಮಡಿಲು ತುಂಬಿ ಕರೆದರೆ ಅವರು ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಹಿರಿಯ ಹೆಂಗಸು ಎಂದರೆ ಅಜ್ಜಿ ಒಬ್ಬಳೇ. ಅವಳು ಹೋಗಲಿಲ್ಲ. ಕಾಲು ದಾಟಿ ಹೋದವಳು ದಾಟಿಕೊಂಡೇ ಬರಲಿ ಎಂದಳು. ಅಪ್ಪ ಒಂದು ಸಲ ತಾನೇ ಹೋಗಿದ್ದ. ಮಗು ನೋಡಿಕೊಂಡು, ಊಟ ಮಾಡಿಕೊಂಡು, ಒಬ್ಬನೇ ಬಂದ. ನಾನು ಬಾಗಿಲಲ್ಲಿ ನಿಂತು ಅವನ ಹಿಂದೆ ನೋಡಿದೆ. ಯಾರೂ ಇರಲಿಲ್ಲ.

ಶಾಂತಿಗ್ರಾಮದ ಕಡೆಯಿಂದ ಅಯ್ಯನೋರು ವರ್ಷಕ್ಕೊಂದು ಸಲ ನಮ್ಮ ಮನೆಗೆ ಬರುತ್ತಿದ್ದರು. ಆ ಸಲ ಬಂದಾಗ ಅಜ್ಜಿ ಪಾದ ತೊಳೆದು, ಕೂರಿಸಿ, ನನ್ನ ದೀಕ್ಷೆಯ ವಿಷಯ ಎತ್ತಿದಳು. ನಾನು ಮೆಣಸಿನಕಾಯಿ ಚೀಲದ ಹಿಂದೆ ಇದ್ದೆ. ಕರೆದರು. ಬೆರಳು ಬಾಯಲ್ಲಿ ಇಟ್ಟುಕೊಂಡೇ ಬಂದು ನಿಂತೆ.

"ಎಲ್ಲಿ ಮರಿ, ಆ ಕೈ ಒಸಿ ಕೊಡು ನೋಡಾನ."

ಕೊಟ್ಟೆ. ಅವರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ರ ಮ್ಯಾಲೆ ಲಿಂಗ ಇಟ್ರೆ ಅದ್ನೂ ಚೀಪ್ಬುಡ್ತೀಯೇನಪ್ಪ?"

ಅಜ್ಜಿ ತಲೆ ತಗ್ಗಿಸಿದಳು. "ಬುಡುಸ್ತೀನಿ ಬುದ್ಧಿ. ಅಷ್ಟರೊಳ್ಗೆ ಬುಡುಸ್ತೀನಿ."

"ಬುಡುಸು. ದೀಕ್ಷೆ ದಿನ ತಂದೆ ತಾಯಿ ಇಬ್ರೂ ಕೂತ್ಕಂಡು ಹೈದನ್ನ ಒಪ್ಪುಸ್ಬೇಕು. ಎಲ್ಲವ್ವ ನಿನ್ ಸೊಸೆ, ಕಾಣ್ನಿಲ್ಲ?"

"ತವರಲ್ಲವ್ಳೆ ಬುದ್ಧಿ."

"ಇನ್ನೂವಾ?"

ಅಜ್ಜಿ ಸೆರಗು ಎಳೆದುಕೊಂಡಳು. "ಬತ್ತಾಳೆ. ಇವ್ನು ಬೆಳ್ಳು ಬುಡ್ಲಿ. ದಿನ ಗೊತ್ತು ಮಾಡಿ ಅವಳ್ನೂ ಕರುಸ್ತೀನಿ."

ನನ್ನ ತಲೆಗೆ ಹೋದದ್ದು ಅಷ್ಟೇ ಮಾತು. ಬೆರಳು ಬಿಟ್ಟರೆ ದೀಕ್ಷೆ, ದೀಕ್ಷೆಯಾದರೆ ಅವ್ವ. ಅಪ್ಪ ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪ, ಬೆಳ್ಳು ಬುಟ್ರೆ ಅವ್ವ ಬತ್ತಾಳಾ?"

"ಅಂಗಂದ್ಲಲ್ಲ ನಿಮ್ಮಜ್ಜಿ."

"ಅಂಗಾರೆ ಇದ ಕಟ್ಬುಡು."

ಅಪ್ಪ ನನ್ನ ಮುಖ ನೋಡಿದ. ದಬ್ಬಳಕ್ಕೆ ಪೋಣಿಸಿದ್ದ ಗೋಣಿ ದಾರವನ್ನು ಕಡಿದು, ನನ್ನ ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಮುಷ್ಟಿಯ ಸುತ್ತ ದಾರ ಸುತ್ತಿದ. ಚೀಲದ ಬಾಯಿ ಕಟ್ಟುವಾಗ ಮಂಡಿಯೂರಿ ಎಳೆಯುವವನು ನನ್ನ ಕೈಗೆ ಎಷ್ಟು ಸಡಿಲ ಕಟ್ಟಿದ ಎಂದರೆ ಎರಡು ಸಲ ತಾನಾಗಿ ಬಿಚ್ಚಿಕೊಂಡಿತು.

"ನೋವಾಯ್ತದಾ?"

"ಇಲ್ಲ. ಇನ್ನೂ ಬಿಗಿ ಕಟ್ಟು."

ಅವತ್ತು ಹಗಲೆಲ್ಲ ಮುಷ್ಟಿ ಕಟ್ಟಿಕೊಂಡೇ ಇದ್ದೆ. ಶಾಲೆಯಲ್ಲಿ ಏನೋ ಇದು ಎಂದು ಹುಡುಗರು ಕೇಳಿದರೆ ಗಾಯ ಎಂದೆ. ಬಾಯಿ ಖಾಲಿ ಖಾಲಿ ಅನ್ನಿಸಿತು. ಹಲ್ಲಿನ ಹಿಂದೆ ಏನೋ ಕಳೆದುಹೋದ ಹಾಗೆ ನಾಲಗೆ ಹುಡುಕುತ್ತಿತ್ತು. ಮಗ್ಗಿ ಹೇಳುವಾಗ ತಪ್ಪಿದೆ, ಮೇಷ್ಟ್ರು ಹೊಡೆದರು. ನಾನು ಸೋಲಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಎದ್ದಾಗ ಎಡಗೈ ಕಟ್ಟಿದ ಹಾಗೇ ಇತ್ತು, ಬಾಯಲ್ಲಿ ಬಲಗೈ ಹೆಬ್ಬೆರಳು ಇತ್ತು.

ಇದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಪ್ಪ ಸಮಾಧಾನವಾಗಿ ಹೇಳಿದ.

"ಒಳ್ಳೇದೇ ಆಯ್ತಲ್ಲವ್ವ. ಲಿಂಗ ಕೂರೋದು ಎಡಗೈ ಮ್ಯಾಲೆ. ಬಲಗೈ ಚೀಪ್ಕಳ್ಲಿ."

"ಬಲಗೈ ಚೀಪ್ಕಂಡು ಆ ಕೈಲೇ ಹಂಡೆ ಮುಟ್ತಾನೆ, ಅನ್ನದ್ ಪಾತ್ರೆ ಮುಟ್ತಾನೆ. ಇಡೀ ಮನೆ ಎಂಜ್ಲಾಯ್ತದೆ. ಎಡಗೈನೇ ವಾಸಿ ಇತ್ತು."

"ಅಂಗಾರೆ ಎಡಗೈ ಬಿಚ್ಲಾ?"

"ಬಿಚ್ಚಬ್ಯಾಡ."

"ಮತ್ಯಾವ್ದು ಚೀಪ್ಲಿ ಯೋಳು ನೀನೇಯ."

"ನಿನ್ ತಲೆ ಚೀಪ್ಲಿ. ಓಗು ಮಂಡಿಗೆ."

ಅಪ್ಪ ನಗುತ್ತಾ ಹೋದ. ಆ ಮನೆಯಲ್ಲಿ ಅವ್ವ ಹೋದ ಮೇಲೆ ಯಾರಾದರೂ ನಕ್ಕದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ. ಈಗ ಎರಡು ಬೆರಳು ಬಿಡಬೇಕಾಗಿತ್ತು.

ನಾನು ನಿಜವಾಗಿ ಪ್ರಯತ್ನ ಮಾಡಿದೆ. ಎಚ್ಚರವಿದ್ದಾಗ ಗೆಲ್ಲುತ್ತಿದ್ದೆ. ಕಣ್ಣು ಮುಚ್ಚಿದರೆ ಮುಗಿಯಿತು. ಯಾವ ಗಂಟು ಹಾಕಿದರೂ ಬಿಚ್ಚಿಕೊಂಡು ಬೆರಳು ಬಾಯಿಗೆ ಬಂದಿರುತ್ತಿತ್ತು. ಬೆಳಿಗ್ಗೆ ಅಜ್ಜಿ ಬಂದು ನೋಡುವ ಮುಂಚೆ ಎದ್ದು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದೆ. ಅವಳು ಬಂದು ಕೈ ಹಿಡಿದು ನೋಡುತ್ತಿದ್ದಳು. ಬೆರಳು ನೆನೆದಿರುವುದು ಒರೆಸಿದರೆ ಹೋಗುವುದಿಲ್ಲ. ಅವಳು ಬೈಯುತ್ತಿರಲಿಲ್ಲ. ಕೈ ಕೆಳಗೆ ಬಿಟ್ಟು ದೇವರ ಮನೆಗೆ ಹೋಗುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಅವಳ ಪೂಜೆ ನೋಡುತ್ತಿದ್ದೆ. ಹಣೆಗೆ, ತೋಳಿಗೆ, ಬೆರಳುಗಳಿಗೆಲ್ಲ ವಿಭೂತಿ ಬಳಿದುಕೊಂಡು, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಆ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಂಥ ಕೈ ನನಗೆ ಯಾವಾಗ ಬರುತ್ತದೆ, ಅವ್ವ ಯಾವಾಗ ಬರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ. ಊಟವಾಗಿತ್ತು. ಅಪ್ಪ ಹಳ್ಳಿಗಳ ಕಡೆ ಹೋಗಿದ್ದ. ಬಿಸಿಲಿಗೆ ಅಂಗಳದ ಮೆಣಸಿನಕಾಯಿ ಚಟಪಟ ಅನ್ನುತ್ತಿತ್ತು. ಅಜ್ಜಿ ನಡುಮನೆಯಲ್ಲಿ ಚಾಪೆ ಹಾಸಿ, ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ನನ್ನ ಎರಡೂ ಕೈಗಳನ್ನು ಜೋಡಿಸಿ ತನ್ನ ಸೆರಗಿನಲ್ಲಿ ಸುತ್ತಿ ಗಂಟು ಹಾಕಿದಳು. ಇದು ಹೊಸ ಉಪಾಯ. ನಾನು ಕೈ ಎಳೆದರೆ ಅವಳಿಗೆ ಎಚ್ಚರವಾಗುತ್ತದೆ. ಈಗ ಏನ್ ಮಾಡೀಯೆ ನೋಡ್ತೀನಿ ಎಂದು ನನ್ನ ತಲೆಯ ಕೆಳಗೆ ತನ್ನ ಎಡಗೈ ಕೊಟ್ಟು ಮಲಗಿದಳು. ಅವಳ ಸೀರೆಯಲ್ಲಿ ವಿಭೂತಿ ಮತ್ತು ಹೊಗೆಯ ವಾಸನೆ ಇತ್ತು. ನನಗೆ ನಿದ್ದೆ ಬಂತು.

ಎಚ್ಚರವಾದಾಗ ಬಿಸಿಲು ಗೋಡೆಯ ಮೇಲೆ ಬಹಳ ಮೇಲಕ್ಕೆ ಹೋಗಿತ್ತು. ನನ್ನ ಕೈಗಳು ಸೆರಗಿನಲ್ಲಿ ಹಾಗೇ ಇದ್ದವು. ಬಾಯಲ್ಲಿ ಬೆರಳಿತ್ತು. ನನ್ನದಲ್ಲ ಎಂದು ನಾಲಗೆಗೆ ಗೊತ್ತಾಯಿತು. ದಪ್ಪ, ಒರಟು, ಉಗುರಿನ ಪಕ್ಕ ಕುಡುಗೋಲಿನ ಹಳೇ ಗಾಯದ ಗೆರೆ, ಸ್ವಲ್ಪ ವಿಭೂತಿ ರುಚಿ. ಅಜ್ಜಿಯ ಎಡಗೈ ಹೆಬ್ಬೆರಳು. ಲಿಂಗದ ಕೈ. ಕಣ್ಣು ತೆರೆದೆ. ಅವಳು ನಿದ್ದೆ ಮಾಡುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಎಚ್ಚರವಿದ್ದಳೋ, ನನ್ನನ್ನೇ ನೋಡುತ್ತಿದ್ದಳು. ನಾನು ಹೆದರಿ ಬಾಯಿ ತೆರೆದೆ. ಬೆರಳು ಹಾಗೇ ಇತ್ತು, ಅವಳು ತೆಗೆಯಲಿಲ್ಲ.

"ಮಲ್ಲ."

ನಾನು ತಲೆ ಹಿಂದಕ್ಕೆ ಎಳೆದುಕೊಂಡೆ.

"ಕನವರುಸ್ಕತಿದ್ದೆ ಕಣ್ಲಾ. ಅವ್ವ ಅವ್ವ ಅಂತಿದ್ದೆ."

ನಾನು ಅತ್ತೆ. ಗಾಡಿ ಹೋದ ದಿನ ಬಾರದ ಅಳು ಅವತ್ತು ಬಂತು. ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ನನ್ನ ಕೈ ನನಗೆ ಬಂತು. ಅಳುವುದರಲ್ಲಿ ಅದನ್ನು ಬಾಯಿಗೆ ಇಟ್ಟುಕೊಳ್ಳುವುದು ಮರೆತೆ. ಅವಳು ಎದ್ದು ಕೂತು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದೂ ನೆನೆದು ಬೆಳ್ಳಗಾಗಿತ್ತು. ಈಗ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಹಂಡೆಯ ಹತ್ತಿರವೇ ಹೋಗಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡು, ಅಟ್ಟದ ಏಣಿ ಹತ್ತಿ, ಟ್ರಂಕು ತೆಗೆದು, ಏನೇನೋ ಹುಡುಕತೊಡಗಿದಳು. ಸಂಜೆ ಅಪ್ಪ ಬಂದಾಗ ನಡುಮನೆಯಲ್ಲಿ ಒಂದು ಹೊಸ ಸೀರೆ, ಕೊಬ್ಬರಿ ಗಿಟುಕು, ಅಕ್ಕಿಯ ಗಂಟು ಇದ್ದವು.

"ನಾಳೆ ಬಸ್ಸು ಎಷ್ಟೊತ್ಗೆ?"

"ಯಾವ್ ಬಸ್ಸು?"

"ಅರಕಲಗೂಡಿಂದು ಕಣ. ನಾನೇನು ಕಾಸಿಗೋಗ್ತೀನಾ ಈಗ?"

ಅಪ್ಪ ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡದ್ದನ್ನೇ ಒರೆಸಿಕೊಂಡ. ಬೆಳಿಗ್ಗೆ ಎಂದ. ಬಳೆ ತರುತ್ತೇನೆ ಎಂದು ಚಪ್ಪಲಿ ಕೂಡ ಹಾಕಿಕೊಳ್ಳದೆ ಪೇಟೆಗೆ ಹೋದ.

ಆಗ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂದೆ ಉದ್ದನೆಯ ಒಂದು ಒಲೆ, ಅದಕ್ಕೆ ಕ್ಲೀನರ್ ನಿಂತು ಗಾಳಿ ತಿರುಗಿಸಬೇಕು. ಮಾರನೆಯ ಬೆಳಿಗ್ಗೆ ನಾನೂ ಅಜ್ಜಿಯೂ ಹತ್ತಿ ಕೂತ ಮೇಲೆ ಅವನು ತಿರುಗಿಸಿ ತಿರುಗಿಸಿ ಸುಸ್ತಾದ. ಬಸ್ಸು ಕೆಮ್ಮಿತು, ಹೊರಡಲಿಲ್ಲ. ಒಲೆ ಊದೋದು ಗಂಡಸ್ರಿಗೆ ಬರಾಕಿಲ್ಲ, ಕೊಳವೆ ತತ್ತಾ ನಾನು ಊದ್ತೀನಿ ಎಂದು ಅಜ್ಜಿ ಕಿಟಕಿಯಿಂದ ಕೂಗಿದಳು. ಜನ ನಕ್ಕರು. ಬಸ್ಸು ಹೊರಟ ಮೇಲೆ ನನ್ನ ಬೆರಳು ಬಾಯಿಗೆ ಹೋಯಿತು. ಎದುರಿಗೆ ಕೂತಿದ್ದ ಒಬ್ಬ ಅದನ್ನು ನೋಡಿದ.

"ಏನಮ್ಮ, ಇಷ್ಟು ದೊಡ್ಡ ಹೈದ ಬೆಳ್ಳು ಚೀಪ್ತಾನೆ?"

"ಅವ್ನ ಬೆಳ್ಳು, ಅವ್ನು ಚೀಪ್ಕತಾನೆ. ನಿಂದೇನಾರ ಕೇಳುದ್ನಾ?"

ಹೀಗೆಂದು ಅಜ್ಜಿ ಸೆರಗನ್ನು ನನ್ನ ಮುಖದ ಮೇಲೆ ಹೊದಿಸಿದಳು. ಅದರೊಳಗೆ ಚೀಪುತ್ತಾ ಅರಕಲಗೂಡಿನವರೆಗೂ ಹೋದೆ.

ಅವ್ವನ ತವರಿನ ಬಾಗಿಲಲ್ಲಿ ಅವಳ ತಾಯಿ ನಮ್ಮನ್ನು ನೋಡಿ ಗಾಬರಿಯಾಗಿ ಕಾಲಿಗೆ ನೀರು ತರಲು ಒಳಗೆ ಓಡಿದಳು. ಅವ್ವ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ತೆಳ್ಳಗಾಗಿದ್ದಳು. ನಾನು ಓಡಿ ಹೋಗಿ ಅವಳ ಸೀರೆಯಲ್ಲಿ ಮುಖ ಇಟ್ಟೆ. ಅವಳು ಒಂದು ಕೈಯಲ್ಲಿ ನನ್ನ ತಲೆ ಒತ್ತಿಕೊಂಡಳು. ಆದರೆ ನೋಡುತ್ತಿದ್ದುದು ಅಜ್ಜಿಯನ್ನು. ಅಜ್ಜಿ ಅಂಗಳದಲ್ಲೇ ನಿಂತಿದ್ದಳು, ಕಂಕುಳಲ್ಲಿ ಸೀರೆಯ ಗಂಟು. ಯಾರು ಮೊದಲು ಮಾತಾಡಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ನನ್ನ ಮೂಲಕ ಹೇಳಿಸಲು ನನ್ನ ಮುಖ ಸೀರೆಯಲ್ಲಿತ್ತು. ಕೊನೆಗೆ ಅಜ್ಜಿಯೇ ಅಂದಳು.

"ನೋಡವ್ವ ಗೌರಿ, ಇನ್ನೂ ಚೀಪ್ತಾನೆ. ಮಾಡೋದೆಲ್ಲ ಮಾಡ್ದೆ. ನನ್ ಕೈಲಿ ಆಗ್ನಿಲ್ಲ."

"ನನ್ ಕೈಲೂ ಆಗಿರ್ನಿಲ್ವಲ್ಲ ಅತ್ತೆ."

"ಆಲು ಕಮ್ಮಿ ಅಂದಿದ್ದೆ. ಆಲಲ್ಲ ಅದು."

"ಮತ್ತೇನು?"

ಅಜ್ಜಿ ಗಂಟನ್ನು ಜಗಲಿಯ ಮೇಲೆ ಇಟ್ಟು, ಕೈ ಚಾಚಿದಳು.

"ತಾ ಇತ್ಲಾಗೆ. ನನ್ ಮೊಮ್ಮಗಳ್ನ ನೋಡ್ಬೇಕು ನಾನು."

ಅವ್ವ ಮಗುವನ್ನು ಕೊಡಲು ಬಗ್ಗಿದವಳು ಇನ್ನೂ ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಅಜ್ಜಿ, ಸಾಕು ಏಳು, ಬಾಣಂತಿ ನಡ ಬಗ್ಗುಸ್ಬಾರ್ದು ಎಂದಳು. ಮಗುವನ್ನು ತೆಗೆದುಕೊಂಡು ಜಗಲಿಯ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತು ನನ್ನ ತಂಗಿಯನ್ನು ಮೊದಲ ಸಲ ನೋಡಿದೆ. ಕಾಡಿಗೆ ಹಚ್ಚಿದ ದೊಡ್ಡ ಕಣ್ಣು, ಕೈಗೆ ಬಜೆಯ ಚೂರು ಪೋಣಿಸಿದ ದಾರ, ಕೊರಳಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟು. ಅವಳು ಅಜ್ಜಿಯ ಮುಖವನ್ನು ದಿಟ್ಟಿಸಿ ನೋಡಿದಳು. ಅಳಲು ತುಟಿ ಮುಂದೆ ಮಾಡಿದಳು. ಆಮೇಲೆ ಎರಡೂ ಕೈಯಲ್ಲಿ ತಡಕಾಡಿ ಕೊರಳಿನ ಗಂಟನ್ನು ಹಿಡಿದು ಬಾಯಿಗೆ ಇಟ್ಟುಕೊಂಡು ಚೀಪಲು ಶುರು ಮಾಡಿದಳು. ಬಟ್ಟೆ ಆಗಲೇ ಒದ್ದೆಯಾಗಿತ್ತು. ಇದು ಇವತ್ತಿನ ಅಭ್ಯಾಸವಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅವ್ವನ ತಾಯಿ ನೀರಿನ ಚೊಂಬು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಅಜ್ಜಿಯ ಕೈ ಗಂಟಿನ ಕಡೆಗೆ ಹೋಯಿತು. ಎಡಗೈ. ಹೋಗಿ, ಗಂಟನ್ನು ಮುಟ್ಟಿ, ನಿಂತಿತು. ಆ ಕೈ ಅಲುಗಿದ್ದನ್ನು ನಾನು ಅವತ್ತು ನೋಡಿದೆ. ಗಂಟು ಬಾಯಿಂದ ಜಾರುವುದರಲ್ಲಿತ್ತು. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ನೂಕಿ ಮತ್ತೆ ಮಗುವಿನ ಬಾಯಿಗೇ ಕೊಟ್ಟಳು.

"ಚೀಪ್ಲಿ ಬುಡು" ಎಂದಳು.

ದೀಕ್ಷೆ ಆಯಿತು. ಅವ್ವ, ಅಪ್ಪ ಇಬ್ಬರೂ ಕೂತಿದ್ದರು. ನಾನು ಬೆರಳು ಬಿಟ್ಟದ್ದು ಅದಕ್ಕೆ ಮುಂಚೆಯೋ ಆಮೇಲೋ ಗೊತ್ತಿಲ್ಲ. ಮನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾರೆ. ಆಗ ಯಾರೂ ನನ್ನ ಬೆರಳು ನೋಡುತ್ತಿರಲಿಲ್ಲ. ನನಗೆ ಗೊತ್ತಿರುವುದು ಇಷ್ಟು. ಇನ್ನು ಬರೆಯುವುದಕ್ಕೆ ಏನೂ ಇಲ್ಲ.